ಸೂಜಿಯ ಭಯವೂ ಬೂಷ್ಟಿನ ಸಲಿಗೆಯೂ

ಹೊಳೆನರಸೀಪುರದ ಒಂದು ಕಲ್ಯಾಣಮಂಟಪದಲ್ಲಿ, ಸ್ವಾತಿಯ ಮಳೆ ಮುಗಿದು ವಿಶಾಖೆ ಹಿಡಿಯುವ ಸಂಧಿಕಾಲದಲ್ಲಿ, ಬಂಧುಗಳೊಬ್ಬರ ಮನೆಯ ಬೀಗರೂಟಕ್ಕೆ ಕುಳಿತಿದ್ದೆ. ನನ್ನ ಎಡಗಡೆಯ ಎಲೆಗೆ ಕುಳಿತಿದ್ದವರು ಅರವತ್ತು ದಾಟಿದ, ನಾಲ್ಕಾರು ಎಕರೆ ಬೇಸಾಯವುಳ್ಳ, ಮಾತಿನಲ್ಲಿಯೂ ನಡತೆಯಲ್ಲಿಯೂ ತೂಕವುಳ್ಳ ಗೃಹಸ್ಥರು. ಬಡಿಸುವ ಹುಡುಗನು ಕೋಳಿ ಹುರಿದದ್ದನ್ನು ತಂದೊಡನೆ ಅವರು ಅಂಗೈಯನ್ನು ಎಲೆಗೆ ಅಡ್ಡಹಿಡಿದು, “ನಾಟೀದೇನಪ್ಪಾ? ಫಾರಂದಾದ್ರೆ ನಂಗೆ ಬೇಡ” ಎಂದರು, ಅನಂತರ ನನ್ನ ಕಡೆಗೆ ತಿರುಗಿ, “ನಲವತ್ತು ದಿನಕ್ಕೆ ಎರಡು ಕೇಜಿ ಅಂದ್ರೆ ಸುಮ್ನೆ ಬರುತ್ತಾ ಮೇಷ್ಟ್ರೇ? ಹಾರ್ಮೋನ್ ಇಂಜೆಕ್ಷನ್ ಹೊಡೆದು ಊದಿಸ್ತಾರೆ. ಹೆಣ್ಣುಮಕ್ಕಳಿಗಂತೂ ಕೊಡಲೇಬಾರದು” ಎಂದು ಉಪದೇಶಿಸಿದರು. ಪಂಕ್ತಿಯಲ್ಲಿದ್ದವರೆಲ್ಲ ತಲೆದೂಗಿದರು. ತಲೆದೂಗಿದವರಲ್ಲಿ ಹೆಚ್ಚಿನವರು ಹುರಿದದ್ದನ್ನು ಎರಡೆರಡು ಸಲ ಹಾಕಿಸಿಕೊಂಡರೆಂಬುದು ಬೇರೆಯ ಮಾತು.

ಈ ಪ್ರತೀತಿಯು ಆ ಒಂದು ಪಂಕ್ತಿಯದಲ್ಲ. ಹಾಸನದ ಬಸ್ ನಿಲ್ದಾಣದ ಬಳಿಯ ಹೋಟೆಲುಗಳಲ್ಲಿಯೂ, ಅರಕಲಗೂಡಿನ ಸಂತೆಯಲ್ಲಿಯೂ, ಚನ್ನರಾಯಪಟ್ಟಣದ ತೆಂಗಿನ ತೋಟದ ಮನೆಗಳಲ್ಲಿಯೂ, ಓದಿದವರಲ್ಲಿಯೂ ಓದದವರಲ್ಲಿಯೂ, ಮಾಂಸವನ್ನು ಮುಟ್ಟದವರಲ್ಲಿಯೂ ಕೂಡ, ಇದು ಸಾಕ್ಷ್ಯವನ್ನು ಬೇಡದ ಸತ್ಯವೆಂಬಂತೆ ನೆಲೆಗೊಂಡಿದೆ. ಇದು ಸುಳ್ಳು. ಬರಿಯ ಸುಳ್ಳಾಗಿದ್ದರೆ ನಾನು ಲೇಖನಿಯನ್ನು ಹಿಡಿಯುತ್ತಿರಲಿಲ್ಲ. ಲೋಕದಲ್ಲಿ ನಿರುಪದ್ರವಿಯಾದ ಸುಳ್ಳುಗಳು ಎಷ್ಟೋ ಇವೆ, ಅವುಗಳಲ್ಲಿ ಕೆಲವು ಮನೋಹರವಾಗಿಯೂ ಇವೆ. ಆದರೆ ಈ ಸುಳ್ಳು ತಲೆಬಾಗಿಲಿನಲ್ಲಿ ದೊಣ್ಣೆ ಹಿಡಿದು ನಿಂತು ಹಿತ್ತಿಲ ಬಾಗಿಲನ್ನು ಕಳ್ಳನಿಗೆ ತೆರೆದಿಟ್ಟಿರುವ ಕಾವಲುಗಾರನಂಥದು. ಕೋಳಿಯ ಆಹಾರದ ವಿಷಯದಲ್ಲಿ ಸಾರ್ವಜನಿಕರು ಅಗತ್ಯವಾಗಿ ಕೇಳಬೇಕಾದ ಪ್ರಶ್ನೆಗಳಲ್ಲಿ ಒಂದನ್ನೂ ಕೇಳಲು ಇದು ಬಿಟ್ಟಿಲ್ಲ.

ಆರೋಪವನ್ನು ಮೊದಲು ಅದರ ಮಾತಿನಲ್ಲಿಯೇ ಪರೀಕ್ಷಿಸೋಣ. ಬೆಳವಣಿಗೆಯ ಹಾರ್ಮೋನೆಂಬುದು ಒಂದು ಪ್ರೋಟೀನು. ಅದನ್ನು ಫೀಡಿನಲ್ಲಿ ಬೆರೆಸಿ ತಿನ್ನಿಸಿದರೆ, ಸೋಯಾ ಹಿಂಡಿಯ ಪ್ರೋಟೀನನ್ನು ಒಡೆದು ಅರಗಿಸುವಂತೆಯೇ ಕೋಳಿಯ ಹೊಟ್ಟೆಯು ಅದನ್ನೂ ಅರಗಿಸಿಬಿಡುತ್ತದೆ. ಮಧುಮೇಹಿಗಳು ಇನ್ಸುಲಿನ್ನನ್ನು ನುಂಗದೆ ಚುಚ್ಚಿಕೊಳ್ಳುವುದೂ ಈ ಕಾರಣದಿಂದಲೇ. ಹಾಗಾದರೆ ಚುಚ್ಚಿಯೇ ಕೊಡುತ್ತಾರೆಂದು ಇಟ್ಟುಕೊಳ್ಳೋಣ. ಚುಚ್ಚಿದ್ದು ರಕ್ತದಲ್ಲಿ ಬಹಳ ಹೊತ್ತು ಉಳಿಯತಕ್ಕದ್ದಲ್ಲವಾದ್ದರಿಂದ ಮತ್ತೆ ಮತ್ತೆ ಚುಚ್ಚಬೇಕು. ಐದು ಸಾವಿರ ಕೋಳಿಗಳ ಒಂದು ಸಾಧಾರಣ ಶೆಡ್ಡಿನಲ್ಲಿ, ಒಂದೊಂದನ್ನು ಹಿಡಿದು, ಚುಚ್ಚಿ, ಬಿಡುವುದಕ್ಕೆ ಅರ್ಧ ನಿಮಿಷವೆಂದು ಉದಾರವಾಗಿ ಲೆಕ್ಕ ಹಿಡಿದರೂ 2,500 ನಿಮಿಷ, ಎಂದರೆ ನಲವತ್ತೊಂದು ಗಂಟೆಗೂ ಹೆಚ್ಚು ಕಾಲ ಬೇಕು. ದಿನಕ್ಕೊಂದು ಸೂಜಿಯೆಂದರೆ ದಿನಕ್ಕೆ ನಲವತ್ತೊಂದು ಗಂಟೆಗಳಿರಬೇಕು. ಅಂಥ ಶೆಡ್ಡನ್ನು ನಮ್ಮ ತಾಲ್ಲೂಕುಗಳಲ್ಲಿ ನಡೆಸುತ್ತಿರುವವರು ಸಾಮಾನ್ಯವಾಗಿ ಗಂಡಹೆಂಡಿರಿಬ್ಬರು. ಅವರಿಗೆ ಹಸುಗಳ ಹಾಲು ಕರೆಯುವುದೂ ಇದೆ, ಮಕ್ಕಳನ್ನು ಶಾಲೆಗೆ ಕಳುಹಿಸುವುದೂ ಇದೆ.

ಸೂಜಿಯನ್ನು ಕಣ್ಣಾರೆ ಕಂಡೆವೆನ್ನುವವರು ಸುಳ್ಳು ಹೇಳುತ್ತಾರೆಂದು ನನ್ನ ಅಭಿಪ್ರಾಯವಲ್ಲ. ಅವರು ಕಂಡದ್ದು ಲಸಿಕೆಯ ಸೂಜಿ. ಮೊಟ್ಟೆಕೋಳಿಯ ಮರಿಗಳಿಗೆ ಒಂದು ದಿನದ ವಯಸ್ಸಿನಲ್ಲಿಯೇ ಮ್ಯಾರೆಕ್ಸ್ ರೋಗದ ಲಸಿಕೆಯನ್ನು ಕುತ್ತಿಗೆಯ ಚರ್ಮದಡಿಯಲ್ಲಿ ಚುಚ್ಚುತ್ತಾರೆ. ಕೊಕ್ಕರೆ ರೋಗಕ್ಕೆ ಮೊದಲ ವಾರದಲ್ಲಿ ಕಣ್ಣಿಗೆ ಹನಿ ಹಾಕುತ್ತಾರೆ, ಮುಂದೆ ಚುಚ್ಚುವುದೂ ಉಂಟು. ಗಂಬೋರೊ ರೋಗದ ಲಸಿಕೆಯನ್ನು ಕುಡಿಯುವ ನೀರಿನಲ್ಲಿ ಕೊಡುತ್ತಾರೆ. ನಮ್ಮ ಕೂಸುಗಳಿಗೂ ಆಸ್ಪತ್ರೆಯಲ್ಲಿ ಸೂಜಿ ಹಾಕುತ್ತಾರೆ. ಅವು ದಷ್ಟಪುಷ್ಟವಾಗಿ ಬೆಳೆದರೆ ಸೂಜಿಯಿಂದ ಊದಿದುವೆಂದು ಯಾರೂ ಹೇಳುವುದಿಲ್ಲ.

ಬೆಂಕಿಯಿಲ್ಲದೆ ಹೊಗೆಯುಂಟೇ ಎಂದು ಕೇಳುವವರಿಗೆ ಆ ಬೆಂಕಿ ಇದ್ದ ಸ್ಥಳವನ್ನೂ ಕಾಲವನ್ನೂ ತಿಳಿಸುವುದು ನ್ಯಾಯ. 1940ರ ದಶಕದ ಕೊನೆಯಲ್ಲಿ ಅಮೆರಿಕದ ಕೆಲವು ಸಾಕಣೆದಾರರು ಎಳೆಯ ಹುಂಜಗಳ ಕತ್ತಿನ ಮೇಲ್ಭಾಗದ ಚರ್ಮದ ಕೆಳಗೆ ಡೈಈಥೈಲ್‌ಸ್ಟಿಲ್ಬೆಸ್ಟ್ರಾಲ್ ಎಂಬ ಕೃತಕ ಸ್ತ್ರೀ ಹಾರ್ಮೋನಿನ ಗುಳಿಗೆಯನ್ನು ಇಡುತ್ತಿದ್ದರು. ಅದರಿಂದ ಹಕ್ಕಿಗೆ ಕೊಬ್ಬು ಕೂಡಿ ಮಾಂಸ ಮೆದುವಾಗುತ್ತಿತ್ತು. ಅದು ಮನುಷ್ಯರಿಗೆ ಅಪಾಯಕರವೆಂದು ಕಂಡು 1959ರಲ್ಲಿ ಅಲ್ಲಿನ ಸರಕಾರವು ಕೋಳಿಗಳಲ್ಲಿ ಅದರ ಬಳಕೆಯನ್ನು ನಿಲ್ಲಿಸಿತು. ಆ ಬೆಂಕಿ ಆರಿ ಅರವತ್ತು ವರ್ಷಗಳು ಮೀರಿವೆ. ಹೊಗೆಯು ಸಮುದ್ರವನ್ನು ದಾಟಿ ಬಂದು ಇಂದಿಗೂ ನಮ್ಮ ಕಣ್ಣನ್ನು ಉರಿಸುತ್ತಿದೆ.

ಹಾಗಾದರೆ ಕೋಳಿ ನಲವತ್ತು ದಿನಗಳಲ್ಲಿ ಎರಡು ಕಿಲೋ ತೂಗುವುದು ಯಾವ ಮಾಯೆಯಿಂದ? ಇದಕ್ಕೆ ಉತ್ತರವನ್ನು ಊಹಿಸಬೇಕಾಗಿಲ್ಲ, ತೂಗಿ ನೋಡಿದವರಿದ್ದಾರೆ. 1957ರ ಕಾಲದ ಮಾಂಸದ ಕೋಳಿಯ ಒಂದು ಸಂತತಿಯನ್ನು ಯಾವ ಆಯ್ಕೆಗೂ ಒಳಪಡಿಸದೆ ಹಾಗೆಯೇ ಕಾಪಾಡಿಕೊಂಡು ಬಂದಿದ್ದರು. ಅಮೆರಿಕದ ಉತ್ತರ ಕ್ಯಾರೊಲೈನಾದ ವಿಜ್ಞಾನಿಗಳು ಆ ಹಳೆಯ ಸಂತತಿಯನ್ನೂ 2001ರ ಹೊಸ ತಳಿಯನ್ನೂ ಒಂದೇ ಕಾಲದಲ್ಲಿ ಸಾಕಿ, ಪ್ರತಿಯೊಂದಕ್ಕೂ 1957ರ ಕ್ರಮದ ಆಹಾರವನ್ನೂ 2001ರ ಕ್ರಮದ ಆಹಾರವನ್ನೂ ಬೇರೆಬೇರೆಯಾಗಿ ಕೊಟ್ಟು ನೋಡಿದರು. ನಲವತ್ತೆರಡನೆಯ ದಿನ ಹಳೆಯ ಆಹಾರ ತಿಂದ ಹಳೆಯ ಕೋಳಿ 539 ಗ್ರಾಂ ತೂಗಿತು. ಹೊಸ ಆಹಾರ ತಿಂದ ಹೊಸ ಕೋಳಿ 2,672 ಗ್ರಾಂ. ಸ್ವಾರಸ್ಯವಿರುವುದು ಉಳಿದ ಎರಡರಲ್ಲಿ. ಹಳೆಯ ಕೋಳಿಗೆ ಹೊಸ ಆಹಾರವನ್ನು ಎಷ್ಟು ತಿನ್ನಿಸಿದರೂ ಅದು 600 ಗ್ರಾಮನ್ನು ಮುಟ್ಟಲಿಲ್ಲ. ಹೊಸ ಕೋಳಿ ಹಳೆಯ ಆಹಾರವನ್ನು ತಿಂದೂ ಎರಡು ಕಿಲೋವನ್ನು ದಾಟಿತು, ಆದರೆ ತನ್ನ ಶಕ್ತಿಗಿಂತ ಅರ್ಧ ಕಿಲೋ ಹಿಂದುಳಿಯಿತು. ವ್ಯತ್ಯಾಸದಲ್ಲಿ ನೂರಕ್ಕೆ ಎಂಬತ್ತೈದು ತೊಂಬತ್ತು ಪಾಲು ವಂಶದ್ದು, ಹತ್ತು ಹದಿನೈದು ಪಾಲು ಆಹಾರದ್ದು ಎಂದು ಅವರು ನಿರ್ಣಯಿಸಿದರು. ಸೂಜಿಗೆ ಉಳಿದ ಪಾಲು ಸೊನ್ನೆ. ನಮ್ಮ ರೈತರಿಗೆ ಇದರಲ್ಲಿ ಆಶ್ಚರ್ಯಪಡತಕ್ಕದ್ದು ಏನಿದೆಯೋ ನಾನರಿಯೆ: ಗಿಡ್ಡ ಹಸು ಒಂದು ಸೇರು ಹಾಲು ಕೊಟ್ಟ ಕೊಟ್ಟಿಗೆಯಲ್ಲಿಯೇ ಎಚ್ಚೆಫ್ ಹಸು ಹದಿನೈದು ಲೀಟರು ಕೊಡುವುದನ್ನು ಅವರು ದಿನಕ್ಕೆರಡು ಸಲ ಕಾಣುತ್ತಿದ್ದಾರೆ, ಅದಕ್ಕೆ ಯಾವ ಸಂಶಯವನ್ನೂ ಪಡದೆ ಡೈರಿಗೆ ಹಾಲು ಹಾಕುತ್ತಿದ್ದಾರೆ.

ಆ ಅರ್ಧ ಕಿಲೋವಿನ ವಿಚಾರವೇ ಆಹಾರಶಾಸ್ತ್ರದ ವಿಚಾರ. ಅದರ ಕಥೆ ಕೋಳಿಯಿಂದಲೇ ಆರಂಭವಾದದ್ದು. 1890ರ ಸುಮಾರಿನಲ್ಲಿ ಜಾವಾದ್ವೀಪದ ಬಟಾವಿಯದಲ್ಲಿ ಐಕ್ಮನ್ ಎಂಬ ಡಚ್ ವೈದ್ಯನು ಬೆರಿಬೆರಿ ರೋಗಕ್ಕೆ ಕಾರಣವಾದ ಕ್ರಿಮಿಯನ್ನು ಹುಡುಕುತ್ತಿದ್ದನು. ಅವನ ಪ್ರಯೋಗಾಲಯದ ಕೋಳಿಗಳು ಇದ್ದಕ್ಕಿದ್ದಂತೆ ಕಾಲು ಸೋತು ಕುಸಿದುವು. ಕೆಲವು ತಿಂಗಳ ಮೇಲೆ ಇದ್ದಕ್ಕಿದ್ದಂತೆಯೇ ಎದ್ದು ಓಡಾಡಿದುವು. ವಿಚಾರಿಸಲಾಗಿ, ಕುಸಿದಿದ್ದ ಕಾಲದಲ್ಲಿ ಅವುಗಳಿಗೆ ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯಿಂದ ಪಾಲಿಷ್ ಮಾಡಿದ ಅಕ್ಕಿಯ ಅನ್ನ ಬರುತ್ತಿದ್ದಿತೆಂದೂ, ಹೊಸದಾಗಿ ಬಂದ ಅಡುಗೆಯವನು ಸಿಪಾಯಿಗಳ ಅನ್ನ ಸರಕಾರದ್ದಲ್ಲದ ಕೋಳಿಗಳಿಗೆ ಸಲ್ಲದೆಂದು ನಿಲ್ಲಿಸಿದ ಮೇಲೆ ತೌಡುಳ್ಳ ಅಕ್ಕಿಗೆ ಬಿದ್ದು ಅವು ಗುಣಹೊಂದಿದುವೆಂದೂ ತಿಳಿಯಿತು. ಇಷ್ಟನ್ನು ಕಂಡೂ ಐಕ್ಮನ್ನನು ತಪ್ಪಿದನು: ಬಿಳಿಯ ಅಕ್ಕಿಯಲ್ಲಿ ಯಾವುದೋ ವಿಷವಿದೆ, ತೌಡಿನಲ್ಲಿ ಅದರ ಪ್ರತಿವಿಷವಿದೆ ಎಂದು ಬಗೆದನು. ಅಲ್ಲಿರುವುದು ವಿಷವಲ್ಲ, ಇಲ್ಲದಿರುವ ಒಂದು ಪೋಷಕಾಂಶದ ಕೊರತೆ ಎಂದು 1901ರಲ್ಲಿ ಹೇಳಿದವನು ಅವನ ಉತ್ತರಾಧಿಕಾರಿಯಾದ ಗ್ರೈನ್ಸ್. ನೊಬೆಲ್ ಬಹುಮಾನ 1929ರಲ್ಲಿ ಐಕ್ಮನ್ನನಿಗೆ ಸಂದಿತು. ಲೋಕದ ನ್ಯಾಯ ಹಾಗೆ. ಆದರೆ ಅಷ್ಟು ದೊಡ್ಡ ವಿದ್ವಾಂಸನೂ ಮೊದಲು ಎಡವಿದ ಕಲ್ಲು ಯಾವುದೆಂಬುದನ್ನು ನೆನಪಿನಲ್ಲಿಡಬೇಕು. ಜೀವಿಯೊಂದು ವಿಲಕ್ಷಣವಾಗಿ ಕಂಡರೆ ಯಾರೋ ಏನನ್ನೋ ಬೆರೆಸಿದ್ದಾರೆಂದು ತಿಳಿಯುವುದು ಮನುಷ್ಯನ ಮನಸ್ಸಿಗೆ ಸಹಜ. ಬೀಗರೂಟದ ಪಂಕ್ತಿಯವರು ಮಾಡಿದ್ದೂ ಅದನ್ನೇ.

ಬ್ರಾಯ್ಲರ್ ಕೋಳಿಯಲ್ಲಿ ಬೆರೆಸಿದ್ದೇನೂ ಇಲ್ಲ, ಕೊರತೆಯೊಂದನ್ನು ತುಂಬಿದ್ದಾರೆ. ಕೆರೆಯ ಏರಿಯು ಎಲ್ಲೆಡೆ ಆಳೆತ್ತರವಿದ್ದು ಒಂದು ಕಡೆ ಮಾತ್ರ ಮೊಳಕಾಲೆತ್ತರಕ್ಕೆ ಕುಸಿದಿದ್ದರೆ ಆ ಕೆರೆಯಲ್ಲಿ ನಿಲ್ಲುವ ನೀರು ಮೊಳಕಾಲೆತ್ತರವೇ. ಮಿಕ್ಕ ಕಡೆ ಮಣ್ಣು ಹೇರುವುದು ವ್ಯರ್ಥ. ಕೋಳಿಯ ಮೈಯ ಪ್ರೋಟೀನು ಸುಮಾರು ಇಪ್ಪತ್ತು ಬಗೆಯ ಅಮೈನೋ ಆಮ್ಲಗಳಿಂದ ಕಟ್ಟಿದ ಏರಿ. ಮುಸುಕಿನ ಜೋಳದಲ್ಲಿ ಪ್ರೋಟೀನು ನೂರಕ್ಕೆ ಎಂಟು ಒಂಬತ್ತು ಪಾಲು ಮಾತ್ರ, ಅದರಲ್ಲಿಯೂ ಲೈಸೀನ್ ಅತ್ಯಲ್ಪ. ಸೋಯಾ ಹಿಂಡಿಯನ್ನು ಕೂಡಿಸಿದರೆ ಲೈಸೀನಿನ ಕುಸಿತ ಮುಚ್ಚುತ್ತದೆ, ಆದರೆ ಗರಿ ಪುಕ್ಕಗಳಿಗೆ ವಿಶೇಷವಾಗಿ ಬೇಕಾದ ಮೆಥಿಯೋನೀನಿನ ಕಡೆ ಏರಿ ತಗ್ಗಾಗಿಯೇ ಉಳಿಯುತ್ತದೆ. ಹಿಂದೆ ಆ ತಗ್ಗನ್ನು ಮುಚ್ಚಲು ಹಿಂಡಿಯನ್ನೋ ಮೀನಿನ ಪುಡಿಯನ್ನೋ ಧಾರಾಳವಾಗಿ ಸುರಿಯುತ್ತಿದ್ದರು. ಬೇಡವಾದ ಪ್ರೋಟೀನೆಲ್ಲ ಹಿಕ್ಕೆಯಾಗಿ, ನೆಲಕ್ಕೆ ಹಾಸಿದ ಭತ್ತದ ಹೊಟ್ಟು ಒದ್ದೆಯಾಗಿ, ಅಮೋನಿಯಾದ ಘಾಟು ಶೆಡ್ಡನ್ನು ತುಂಬುತ್ತಿತ್ತು. ಈಗ ಒಂದು ಟನ್ ಫೀಡಿಗೆ ಒಂದೆರಡು ಕಿಲೋ ಮೆಥಿಯೋನೀನನ್ನು ಬೆರೆಸುತ್ತಾರೆ, ಏರಿ ಸಮವಾಗುತ್ತದೆ. ಭಾರತೀಯ ಮಾನಕ ಬ್ಯೂರೋದ ನಿರ್ದಿಷ್ಟತೆಯಂತೆ ಮೊದಲ ವಾರದ ಮರಿಗೆ ನೂರಕ್ಕೆ 23 ಪಾಲು ಪ್ರೋಟೀನಿನ ಆಹಾರ, ಕೊನೆಯ ವಾರಗಳಲ್ಲಿ 20 ಪಾಲಿನದು. ಪ್ರೋಟೀನು ಇಳಿದಂತೆ ಶಕ್ತಿಯ ಅಂಶ ಏರುತ್ತದೆ. ಇಷ್ಟೇ ರಹಸ್ಯ. ಎರಡು ಕಿಲೋ ತೂಗುವ ಕೋಳಿ ತನ್ನ ಆಯುಷ್ಯದಲ್ಲಿ ಮೂರೂಕಾಲು ಕಿಲೋ ಸುಮಾರು ಫೀಡು ತಿನ್ನುತ್ತದೆ, ಅದರಲ್ಲಿ ಹೆಚ್ಚುಕಡಿಮೆ ಎರಡು ಕಿಲೋ ಮುಸುಕಿನ ಜೋಳವೇ. ನಾವು ಕೋಳಿಯನ್ನು ತಿನ್ನುವುದೆಂದರೆ ಅದರ ತೂಕದಷ್ಟೇ ಜೋಳವನ್ನು ಇನ್ನೊಂದು ರೂಪದಲ್ಲಿ ತಿನ್ನುವುದು. ಈ ಮಾತನ್ನು ಮುಂದೆ ನೆನೆಯಬೇಕಾಗುತ್ತದೆ.

ನಾಟಿ ಕೋಳಿಯನ್ನು ನಾನು ಹೀನೈಸುವವನಲ್ಲ. ಮುದ್ದೆಯ ಮುಂದೆ ಅದರ ಸಾರಿಗೆ ಸಮವಾದದ್ದು ಇಲ್ಲವೆಂಬುದನ್ನು ಈ ಸೀಮೆಯಲ್ಲಿ ಹುಟ್ಟಿದವನು ಅಲ್ಲಗಳೆಯಲಾರನು. ಅದು ತಿಪ್ಪೆಯನ್ನು ಕೆದಕಿ ಹುಳುವನ್ನೂ, ಕಣದಲ್ಲಿ ಉದುರಿದ ರಾಗಿಯನ್ನೂ, ಬೇಲಿಯ ಸೊಪ್ಪನ್ನೂ ಹೆಕ್ಕಿ ತನ್ನ ಏರಿಯನ್ನು ತಾನೇ ಸಮಮಾಡಿಕೊಳ್ಳುವ ಆಹಾರಶಾಸ್ತ್ರಜ್ಞ. ನಮ್ಮ ಅಜ್ಜಿಯು ಗೆದ್ದಲು ಹಿಡಿದ ಸೌದೆಯನ್ನು ತಂದು ಮರಿಗಳ ಮುಂದೆ ಕೊಡವುತ್ತಿದ್ದಳು. ಲೈಸೀನೆಂಬ ಹೆಸರನ್ನು ಕೇಳದೆಯೇ ಲೈಸೀನಿನ ಕೊರತೆಯನ್ನು ತುಂಬುತ್ತಿದ್ದಳು. ಆದರೆ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಡುವ ಹೇಂಟೆಯಿಂದ ಜಿಲ್ಲೆಯ ಶಾಲೆಯ ಮಕ್ಕಳೆಲ್ಲರಿಗೂ ಮೊಟ್ಟೆ ಹಂಚಲಾಗದು. ಮೇಲಾಗಿ ಹೆದ್ದಾರಿಯ ಬದಿಯ ಫಲಕಗಳು ಘೋಷಿಸುವಷ್ಟು ನಾಟಿ ಕೋಳಿಗಳು ಈ ನಾಲ್ಕು ತಾಲ್ಲೂಕುಗಳ ತಿಪ್ಪೆಗಳಲ್ಲಿ ಇವೆಯೆಂದು ನಂಬುವುದು ಕಷ್ಟ; ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಕೋಳಿಯು ಬಣ್ಣದ ಪುಕ್ಕಗಳ ಬಲದಿಂದ ಎಷ್ಟೋ ಕಡೆ ನಾಟಿಯೆಂಬ ಬಿರುದನ್ನು ಹೊತ್ತಿದೆ.

ಹೆಣ್ಣುಮಕ್ಕಳು ಬೇಗ ಮೈನೆರೆಯುವುದಕ್ಕೆ ಫಾರಂ ಕೋಳಿಯೇ ಕಾರಣವೆಂಬ ಮಾತನ್ನು ಬೇಗನೆ ಮುಗಿಸಬಹುದು. ಯೂರೋಪಿನ ಉತ್ತರ ದೇಶಗಳಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವೆ ಹದಿನಾರು ಹದಿನೇಳರಲ್ಲಿ ಆಗುತ್ತಿದ್ದುದು ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಹದಿಮೂರಕ್ಕೆ ಇಳಿದಿತ್ತು. ಆ ಇಳಿತದ ಬಹುಭಾಗ ನಡೆದಾಗ ಬ್ರಾಯ್ಲರೆಂಬ ಹಕ್ಕಿ ಇನ್ನೂ ಹುಟ್ಟಿರಲಿಲ್ಲ. ಹೊಟ್ಟೆತುಂಬ ಊಟ, ಕಡಿಮೆಯಾದ ಕಾಯಿಲೆ, ಹೆಚ್ಚಿದ ಮೈತೂಕ, ಇವು ಅದರ ಕಾರಣಗಳು. ಕೋಳಿಯನ್ನು ಹೊಣೆಮಾಡಿ ಬೆಳೆಯುವ ಹುಡುಗಿಯ ಎಲೆಯಿಂದ ಮೊಟ್ಟೆಯನ್ನು ತೆಗೆಯುವ ತಾಯಿಯು ಅರಿಯದೆ ಮಗಳಿಗೆ ಅನ್ಯಾಯವನ್ನು ಮಾಡುತ್ತಿದ್ದಾಳೆ.

ಈಗ ಹಿತ್ತಿಲ ಬಾಗಿಲಿಗೆ ಬರೋಣ. ಊಟ ಮುಗಿದ ಮೇಲೆ ಆ ಗೃಹಸ್ಥರು ತಮ್ಮ ಸ್ಕೂಟರಿನಲ್ಲಿ ಅರಕಲಗೂಡಿನ ದಾರಿಯಲ್ಲಿ ನನ್ನನ್ನು ಸ್ವಲ್ಪ ದೂರ ಬಿಟ್ಟುಕೊಡಲು ಒಪ್ಪಿದರು. ಪಟ್ಟಣವನ್ನು ದಾಟಿದೊಡನೆ ರಸ್ತೆಯ ಅರ್ಧವನ್ನು ಆಕ್ರಮಿಸಿ ಹಳದಿಯ ಹಾಸು ಹಾಸಿದಂತೆ ಮುಸುಕಿನ ಜೋಳ ಹರಡಿತ್ತು. ಅಲ್ಲಲ್ಲಿ ಕಲ್ಲುಗಳ ಸಾಲು, ಕಲ್ಲಿಗೊಂದು ಒಣಗಿದ ಕೊಂಬೆ, ಒಂದು ಕಡೆ ರಾಗಿಯ ತೆನೆಯನ್ನು ಲಾರಿಗಳ ಚಕ್ರಕ್ಕೆ ಒಡ್ಡಿದ್ದರು. ಆಕಾಶದಲ್ಲಿ ಮೋಡ. ಅವರು ತಮ್ಮ ಹಾಸಿನ ಬಳಿ ಇಳಿದು, ಒಂದು ಹಿಡಿ ಕಾಳನ್ನು ಎತ್ತಿ ಮೂಸಿ, “ಸ್ವಾತಿ ಮಳೆಗೆ ಸಿಕ್ಕಿಬಿಡ್ತು, ಸ್ವಲ್ಪ ಮುಗ್ಗು ಬಂದಿದೆ” ಎಂದರು. ಇದನ್ನೇನು ಮಾಡುವಿರೆಂದು ಕೇಳಿದೆ. “ಅದಕ್ಕೇನು, ಕೋಳಿ ಫೀಡಿನೋರು ತಗೋತಾರೆ” ಎಂದರು. ಅವರ ಧ್ವನಿಯಲ್ಲಿ ಕಪಟವಿರಲಿಲ್ಲ, ಅವರು ಸಜ್ಜನರು. ಊಟದ ಎಲೆಯ ಮುಂದೆ ಆಡಿದ ಮಾತಿಗೂ ಈ ಮಾತಿಗೂ ನಡುವೆ ಒಂದು ಗಂಟೆಯ ಅಂತರವಿತ್ತು. ಸಂಬಂಧವು ಮಾತ್ರ ಅವರ ಮನಸ್ಸಿನಲ್ಲಿ ಇರಲಿಲ್ಲ.

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತುವು. ರೋಗಾಣುವೂ ಸಿಗಲಿಲ್ಲ, ತಿಳಿದಿದ್ದ ವಿಷವೂ ಸಿಗಲಿಲ್ಲ. ಕೊನೆಗೆ ಬ್ರೆಜಿಲಿನಿಂದ ಬಂದ ಕಡಲೆಕಾಯಿ ಹಿಂಡಿಯಲ್ಲಿ ಬೆಳೆದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಸ್ರವಿಸುವ ವಿಷವೇ ಕಾರಣವೆಂದು ಕಂಡಿತು. ಬೂಷ್ಟಿನ ಹೆಸರಿನಿಂದಲೇ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ದೂರದೇಶದ ಟರ್ಕಿಗಳ ಕಥೆ ನಮಗೇಕೆ ಎನ್ನುವವರಿಗೆ ನಮ್ಮ ದೇಶದ ಮನುಷ್ಯರ ಕಥೆಯನ್ನೇ ಹೇಳಬಹುದು. 1974ರಲ್ಲಿ ಗುಜರಾತ್ ರಾಜಸ್ಥಾನಗಳ ಗಡಿಯ ಬುಡಕಟ್ಟು ಹಳ್ಳಿಗಳಲ್ಲಿ, ಕೊಯ್ಲಿನ ಹೊತ್ತಿಗೆ ಅಕಾಲದ ಮಳೆ ಬಿದ್ದು, ನೆಂದು ಬೂಷ್ಟು ಹಿಡಿದ ಮುಸುಕಿನ ಜೋಳವನ್ನು ತಿಂದು, ಯಕೃತ್ತು ಕೆಟ್ಟು ಕಾಮಾಲೆ ಹತ್ತಿ ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ಕಾಳು, ಅದೇ ಬಗೆಯ ಮಳೆ. ಮೇ ಜೂನಿನಲ್ಲಿ ಬಿತ್ತಿದ ನಮ್ಮ ಜೋಳವು ಕೊಯ್ಲಿಗೆ ಬರುವುದು ಚಿತ್ತೆ ಸ್ವಾತಿಗಳ ಬಾಯಲ್ಲಿಯೇ. ಕಾಳಿನ ತೇವ ನೂರಕ್ಕೆ ಹದಿಮೂರು ಹದಿನಾಲ್ಕಕ್ಕೆ ಇಳಿಯದೆ ಅದನ್ನು ಚೀಲಕ್ಕೆ ತುಂಬಿ ಗೋದಾಮಿಗೆ ಒಟ್ಟಿದರೆ ಬೂಷ್ಟಿಗೆ ಮನೆ ಕಟ್ಟಿಕೊಟ್ಟಂತೆ. ಒಮ್ಮೆ ಹುಟ್ಟಿದ ವಿಷ ಆಮೇಲೆ ಎಷ್ಟು ಒಣಗಿಸಿದರೂ, ಬೇಯಿಸಿದರೂ ಪೂರ್ಣವಾಗಿ ಹೋಗತಕ್ಕದ್ದಲ್ಲ.

ಕೋಳಿಯ ಆಹಾರದಲ್ಲಿ ಅಫ್ಲಾಟಾಕ್ಸಿನ್ ನೂರು ಕೋಟಿ ಪಾಲಿಗೆ 20 ಪಾಲನ್ನು ಮೀರಕೂಡದೆಂದು ನಮ್ಮ ಮಾನಕ ಹೇಳುತ್ತದೆ. ಒಂದು ಟನ್ ಫೀಡಿಗೆ 20 ಮಿಲಿಗ್ರಾಂ, ಎಂದರೆ ಏಳೆಂಟು ರಾಗಿ ಕಾಳಿನ ತೂಕ. ಅಷ್ಟರಿಂದಾಚೆಗೆ ಕೋಳಿ ಒಡನೆ ಸಾಯುವುದಿಲ್ಲ. ಸತ್ತರೆ ಎಲ್ಲರ ಕಣ್ಣೂ ತೆರೆಯುತ್ತಿತ್ತು. ಅದರ ಯಕೃತ್ತು ಹಳದಿಗಟ್ಟುತ್ತದೆ, ಮೇವು ಮೈಗೆ ಹತ್ತುವುದಿಲ್ಲ, ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಹಾಕಿದ ಲಸಿಕೆ ನಾಟುವುದಿಲ್ಲ. ಆಗ ಶೆಡ್ಡಿನಲ್ಲಿ ಕೆಮ್ಮು, ಭೇದಿ. ಆಗ ಬರುವುದು ಆಂಟಿಬಯಾಟಿಕ್ ಪುಡಿಯ ಪೊಟ್ಟಣ. 1940ರ ದಶಕದ ಕೊನೆಯಲ್ಲಿ ಅಮೆರಿಕದ ಜೂಕ್ಸ್ ಮತ್ತು ಸ್ಟೋಕ್‌ಸ್ಟಾಡ್ ಎಂಬಿಬ್ಬರು, ಮರಿಗಳಿಗೆ ಬೇಕಾದ ಬಿ12 ಜೀವಸತ್ತ್ವವನ್ನು ಹುಡುಕುತ್ತ ಔಷಧದ ತಯಾರಿಕೆಯಲ್ಲಿ ಮಿಕ್ಕ ಗಸಿಯನ್ನು ತಿನ್ನಿಸಿದಾಗ, ಅದರಲ್ಲಿ ಉಳಿದಿದ್ದ ಆರಿಯೋಮೈಸಿನ್ನಿನಿಂದ ಮರಿಗಳು ಹೆಚ್ಚು ಬೆಳೆದುದನ್ನು ಕಂಡರು. ಅಂದಿನಿಂದ ಕಾಯಿಲೆಯಿಲ್ಲದ ಕೋಳಿಗೂ ಮದ್ದು ತಿನ್ನಿಸುವ ದುರಭ್ಯಾಸ ಲೋಕಕ್ಕೆ ಅಂಟಿತು. ಯೂರೋಪು 2006ರಲ್ಲಿ ಬೆಳವಣಿಗೆಗಾಗಿ ಮದ್ದು ಬೆರೆಸುವುದನ್ನು ನಿಲ್ಲಿಸಿತು. ಮನುಷ್ಯರ ಕೊನೆಯ ಆಸರೆಯ ಔಷಧವಾದ ಕೊಲಿಸ್ಟಿನ್ನನ್ನು ಕೋಳಿಗೂ ಕೋಳಿಯ ಆಹಾರಕ್ಕೂ ಬಳಸಕೂಡದೆಂದು ಭಾರತ ಸರಕಾರ ಆಜ್ಞೆ ಹೊರಡಿಸಿದ್ದು 2019ರಲ್ಲಿ. ಇದು ನಿಜವಾಗಿ ಭಯಪಡತಕ್ಕ ವಿಷಯ. ಆದರೆ ಬೀಗರೂಟದ ಪಂಕ್ತಿಯಲ್ಲಿ ಕೊಲಿಸ್ಟಿನ್ ಎಂಬ ಮಾತನ್ನು ನಾನು ಒಂದು ಸಲವೂ ಕೇಳಿಲ್ಲ.

ಕೋಳಿಯನ್ನು ಬಿಟ್ಟವರು ಪಾರಾದೆವೆಂದು ತಿಳಿಯುವಂತೆಯೂ ಇಲ್ಲ. ಅದೇ ಮುಗ್ಗಿದ ಕಾಳು, ಅದೇ ಹಿಂಡಿ, ಹಸುವಿನ ಕೈತಿಂಡಿಯಲ್ಲಿ ಬಿದ್ದರೆ ಆ ವಿಷವು ಎಂ1 ಎಂಬ ರೂಪಾಂತರವನ್ನು ತಾಳಿ ಹಾಲಿನಲ್ಲಿ ಇಳಿಯುತ್ತದೆ. ಕೋಳಿಯ ಮಾಂಸಕ್ಕೂ ಮೊಟ್ಟೆಗೂ ದಾಟುವುದಕ್ಕಿಂತ ಹಾಲಿಗೆ ಹೆಚ್ಚು ಸುಲಭವಾಗಿ ದಾಟುತ್ತದೆ. ಈಚೆಗೆ ಮುಸುಕಿನ ಜೋಳದಿಂದ ಎಥನಾಲ್ ತೆಗೆಯುವ ಕಾರ್ಖಾನೆಗಳು ಹೆಚ್ಚಿವೆ. ಪಿಷ್ಟವೆಲ್ಲ ಮದ್ಯಸಾರವಾಗಿ ಹೋದ ಮೇಲೆ ಮೂರರಲ್ಲೊಂದು ಪಾಲು ಗಸಿ ಉಳಿಯುತ್ತದೆ. ಅದನ್ನು ಒಣಗಿಸಿ ಕೋಳಿಗೂ ದನಕ್ಕೂ ಆಹಾರವಾಗಿ ಮಾರುತ್ತಾರೆ. ಪ್ರೋಟೀನು ಅದರಲ್ಲಿ ಮೂರು ಪಟ್ಟು ಸಾಂದ್ರವಾಗುತ್ತದೆಂದು ಮಾರುವವರು ಹೊಗಳುತ್ತಾರೆ. ಕಾಳಿನಲ್ಲಿ ವಿಷವಿದ್ದರೆ ಅದೂ ಮೂರು ಪಟ್ಟಾಗುತ್ತದೆ.

ಇಷ್ಟನ್ನು ಹೇಳಿದ ಮಾತ್ರಕ್ಕೆ ನಾನು ಫೀಡಿನ ವ್ಯಾಪಾರದ ವಕೀಲನೆಂದು ಯಾರಾದರೂ ತಿಳಿದರೆ ಅವರಿಗೂ ಒಂದು ಮಾತಿದೆ. ಹಾರ್ಮೋನಿನ ಕಟ್ಟುಕಥೆಯನ್ನು ಕೇಳಿ ಉದ್ಯಮದವರು ನಗುತ್ತಾರೆ. ಎಲ್ಲವೂ ವೈಜ್ಞಾನಿಕ, ಎಲ್ಲವೂ ಕಂಪ್ಯೂಟರಿನ ಲೆಕ್ಕ ಎನ್ನುತ್ತಾರೆ. ಕನಿಷ್ಠ ವೆಚ್ಚದ ಆಹಾರಸೂತ್ರವೆಂಬ ಆ ಗಣಿತ 1951ರಷ್ಟು ಹಿಂದೆಯೇ ಹಸುವಿನ ಮೇವಿಗೆ ಅನ್ವಯವಾದದ್ದು. ಅದರ ಚಮತ್ಕಾರವನ್ನು ನಾನು ಅಲ್ಲಗಳೆಯೆ. ಯಾವ ಪದಾರ್ಥ ಎಷ್ಟು ಬೆರೆಸಿದರೆ ಎಲ್ಲ ಅಗತ್ಯಗಳೂ ಪೂರೈಸಿ ಖರ್ಚು ಕನಿಷ್ಠವಾದೀತೆಂದು ಅದು ಕ್ಷಣದಲ್ಲಿ ಹೇಳುತ್ತದೆ. ಆದರೆ ಆ ಯಂತ್ರಕ್ಕೆ ಜೋಳವೆಂದರೆ ಕೋಷ್ಟಕದೊಳಗಿನ ಒಂದು ಸಾಲು: ಪ್ರೋಟೀನು ಇಷ್ಟು, ಶಕ್ತಿ ಇಷ್ಟು, ದರ ಇಷ್ಟು. ರಸ್ತೆಯ ಬದಿಯಲ್ಲಿ ಸ್ವಾತಿಗೆ ಸಿಕ್ಕಿದ ಜೋಳಕ್ಕೂ ಅಂಗಳದಲ್ಲಿ ಗರಿಗರಿಯಾಗಿ ಒಣಗಿದ ಜೋಳಕ್ಕೂ ಆ ಸಾಲಿನಲ್ಲಿರುವ ವ್ಯತ್ಯಾಸ ದರವೊಂದೇ. ಮುಗ್ಗಿದ್ದು ಅಗ್ಗವಾದ್ದರಿಂದ ಲೆಕ್ಕವು ಅದನ್ನೇ ಆರಿಸುತ್ತದೆ. ಪರೀಕ್ಷೆ ಮಾಡಿದೆವೆಂದರೂ ಸಾಲದು: ವಿಷವು ಚೀಲದ ತುಂಬ ಸಮವಾಗಿ ಹರಡಿರದೆ ಕೆಲವೇ ಕಾಳುಗಳಲ್ಲಿ ಮಡುಗಟ್ಟಿರುತ್ತದೆ, ಒಂದು ಹಿಡಿ ತೆಗೆದು ನೋಡಿದವನಿಗೆ ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ.

ಬಲ್ಲವರು ಇಲ್ಲವೆಂದೇನಲ್ಲ. ಬೆಂಗಳೂರಿನ ಆಡುಗೋಡಿಯಲ್ಲಿ ಪಶು ಪೋಷಣೆಗಾಗಿಯೇ ಒಂದು ರಾಷ್ಟ್ರೀಯ ಸಂಸ್ಥೆಯಿದೆ. ಹಾಸನದಲ್ಲಿಯೇ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ, ಕಂದಲಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಬೂಷ್ಟಿನ ವಿಷವನ್ನು ಕೋಳಿಯ ಕರುಳಿನಲ್ಲಿಯೇ ಹಿಡಿದಿಡುವ ಬೆಂಟೊನೈಟ್ ಜೇಡಿಮಣ್ಣು, ಈಸ್ಟಿನ ಕೋಶಭಿತ್ತಿ ಮೊದಲಾದವುಗಳನ್ನು ಕುರಿತು ಸಂಶೋಧನೆ ಬೇಕಾದಷ್ಟು ನಡೆದಿದೆ. ನನ್ನ ಆಕ್ಷೇಪವಿರುವುದು ಆ ಸಂಶೋಧನೆಯ ದೃಷ್ಟಿಯ ಮೇಲೆ. ಕಾಳು ಕೆಟ್ಟ ಮೇಲೆ ಏನು ಬೆರೆಸಬೇಕೆಂಬುದಕ್ಕೆ ಸಂದ ಬುದ್ಧಿಯಲ್ಲಿ ಕಾಲು ಭಾಗವು ಕಾಳು ಕೆಡದಂತೆ ನೋಡುವುದಕ್ಕೆ ಸಂದಿದ್ದರೆ ಸಾಕಾಗಿತ್ತು. ಕೋಳಿಯ ಪೋಷಣೆಯು ಫೀಡಿನ ಗಿರಣಿಯಲ್ಲಿ ಆರಂಭವಾಗುತ್ತದೆಂದು ಪುಸ್ತಕಗಳು ಬರೆಯುತ್ತವೆ. ಅದು ಆರಂಭವಾಗುವುದು ಅರಕಲಗೂಡಿನ ರಸ್ತೆಯ ಮೇಲೆ.

ರೈತನನ್ನು ಬೈದು ಪ್ರಯೋಜನವಿಲ್ಲ, ಅವನ ಲೆಕ್ಕವೂ ಲೆಕ್ಕವೇ. ನೂರಕ್ಕೆ 20 ತೇವವಿರುವ ನೂರು ಕ್ವಿಂಟಾಲ್ ಜೋಳವನ್ನು 14ಕ್ಕೆ ಒಣಗಿಸಿದರೆ ಉಳಿಯುವುದು 93 ಕ್ವಿಂಟಾಲ್. ಏಳು ಕ್ವಿಂಟಾಲ್ ಗಾಳಿಗೆ ಹೋಯಿತು. ಅದರ ಜೊತೆಗೆ ಮೂರು ದಿನದ ಆಳು ಕೂಲಿ, ರಾತ್ರಿಯ ಕಾವಲು, ಮೋಡ ಕಂಡಾಗಲೆಲ್ಲ ರಾಶಿ ಮಾಡಿ ಮುಚ್ಚುವ ಪರದಾಟ. ಒಣಗಿದ ಕಾಳಿಗೆ ಈ ಏಳು ಕ್ವಿಂಟಾಲನ್ನೂ ಕೂಲಿಯನ್ನೂ ಮೀರಿದ ಬೆಲೆ ಸಿಕ್ಕದಿದ್ದರೆ ಯಾವ ಬುದ್ಧಿವಂತನು ಒಣಗಿಸಿಯಾನು? ಮಾರುಕಟ್ಟೆಯ ಪ್ರಾಂಗಣದಲ್ಲಿ ರೈತನ ಕಣ್ಣೆದುರಿಗೆ ತೇವಮಾಪಕವನ್ನಿಟ್ಟು, ಅಳೆದ ತೇವಕ್ಕೆ ತಕ್ಕ ದರವನ್ನು ಬರೆದು ಹಾಕುವುದು, ಗ್ರಾಮಗಳಲ್ಲಿ ಒಣಗಿಸುವ ಕಣಗಳನ್ನೂ ಟಾರ್ಪಾಲುಗಳನ್ನೂ ಬಾಡಿಗೆಗೆ ಒದಗಿಸುವುದು, ಇವು ಪ್ರಶಸ್ತಿಗಳು ಬರುವಂಥ ಕಾರ್ಯಗಳಲ್ಲ. ಹಾರ್ಮೋನ್ ಬೇಡವೆಂದು ಕೂಗುವವರ ಕೂಗಿನಲ್ಲಿ ಹತ್ತನೆಯ ಒಂದು ಪಾಲು ಈ ತೇವಮಾಪಕಕ್ಕಾಗಿ ಎದ್ದಿದ್ದರೆ ಅದು ಇಷ್ಟು ಹೊತ್ತಿಗೆ ಬಂದಿರುತ್ತಿತ್ತು.

ನನ್ನ ಸೋದರಳಿಯನೊಬ್ಬನು ಚನ್ನರಾಯಪಟ್ಟಣದ ಕಡೆ ಕಂಪೆನಿಯೊಂದರ ಕಾಂಟ್ರ್ಯಾಕ್ಟಿನಲ್ಲಿ ಕೋಳಿ ಸಾಕುತ್ತಾನೆ. ಮರಿ ಅವರದು, ಫೀಡು ಅವರದು, ಮದ್ದು ಅವರದು. ಶೆಡ್ಡು, ಕರೆಂಟು, ನಿದ್ದೆಗೇಡು ಇವನದು. ಕಳೆದ ವರ್ಷ ಒಂದು ಬ್ಯಾಚಿನಲ್ಲಿ ಮರಿಗಳು ಮೂರನೆಯ ವಾರದಿಂದ ಬೆಳವಣಿಗೆ ನಿಂತು, ಫೀಡು ತಿಂದರೂ ತೂಕ ಬರದೆ, ಕೊನೆಗೆ ಇವನ ಕೂಲಿಯಲ್ಲಿಯೇ ಕಡಿತವಾಯಿತು. ನಿಗಾ ಸಾಲದೆಂದು ಕಾರಣ ಬರೆದರು. ಚೀಲದ ಮೇಲೆ ಕಂಪೆನಿಯ ಗುರುತೂ ತೂಕವೂ ಇದ್ದುವು, ಒಳಗಿನ ಜೋಳ ಯಾವ ಊರಿನದು, ಪರೀಕ್ಷೆಯಲ್ಲಿ ಏನು ಕಂಡಿತೆಂಬುದು ಇರಲಿಲ್ಲ. ನಾನು ಹೋಗಿದ್ದಾಗ ಅವನು ಹೊಸ ಚೀಲವೊಂದರ ಹೊಲಿಗೆ ಬಿಚ್ಚಿ, ಕೈಯನ್ನು ಮೊಳಕೈವರೆಗೆ ಒಳಗಿಳಿಸಿ, ಒಂದು ಬೊಗಸೆ ತೆಗೆದು ಮೂಗಿನ ಹತ್ತಿರ ಹಿಡಿದು, “ಮುಗ್ಗು ವಾಸನೆ ಇಲ್ಲ ಮಾವ, ಈ ಸಲ ಪರವಾಗಿಲ್ಲ ಅನ್ಸುತ್ತೆ” ಎಂದನು. ಮುಗ್ಗಿನ ವಾಸನೆ ಬೂಷ್ಟಿನದು, ಅಫ್ಲಾಟಾಕ್ಸಿನ್ನಿಗೆ ವಾಸನೆಯಿಲ್ಲ. ಅದನ್ನು ಅವನಿಗೆ ಹೇಳಿದೆ. ಅವನು ಬೊಗಸೆಯಲ್ಲಿದ್ದುದನ್ನು ಸ್ವಲ್ಪ ಹೊತ್ತು ನೋಡಿ, ಮತ್ತೆ ಚೀಲಕ್ಕೆ ಸುರಿದು, ಚೀಲವನ್ನು ಹೆಗಲಿಗೇರಿಸಿಕೊಂಡು ಶೆಡ್ಡಿನೊಳಕ್ಕೆ ಹೋದನು.